ನಮ್ಮ ಶಿಶುವಿಹಾರ ಕೈ ಬದಲಾದ ವರ್ಷ

ಕಳೆದ ತಿಂಗಳು ಆರ್‌ಪಿಸಿ ಲೇಔಟಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ತಂಗಿಗೆ ಸಕ್ಕರೆ ಕಾಯಿಲೆ ಶುರುವಾದಾಗಿನಿಂದ ಅವಳ ಸೊಸೆ ಅಕ್ಕಿಯನ್ನು ಕಂಡರೆ ಕಳ್ಳನನ್ನು ಕಂಡ ಹಾಗೆ ಆಡುತ್ತಾಳೆ. ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಗೋಧಿ ನುಚ್ಚು ಬೇಯುತ್ತಿತ್ತು. ಅದರ ಹಬೆ ನಡುಮನೆಗೆ ಬಂದದ್ದೇ ತಡ, ಕೈಯಲ್ಲಿದ್ದ ಪೇಪರನ್ನು ಮಡಿಸಿ ಕೆಳಗಿಟ್ಟೆ. ಬೆಂದ ಗೋಧಿಗೆ ಒಂದು ಮಂಕು ವಾಸನೆ ಇರುತ್ತದೆ, ಒದ್ದೆ ಗೋಣಿಚೀಲವನ್ನು ಒಲೆಯ ಪಕ್ಕ ಒಣಗಲು ಹಾಕಿದ ಹಾಗೆ.

“ತಿಂದು ನೋಡಿ ದೊಡ್ಡಮ್ಮ, ಫೈಬರ್ ಜಾಸ್ತಿ ಇರತ್ತೆ,” ಎಂದು ತಟ್ಟೆ ತಂದಿಟ್ಟಳು. ಅಂಗಡಿಯಲ್ಲಿ ಬಣ್ಣದ ಪ್ಯಾಕೆಟ್ಟಿನಲ್ಲಿ ಸಿಗುತ್ತದಂತೆ. ಎರಡು ತುತ್ತಿನ ಮೇಲೆ ಗಂಟಲಲ್ಲಿ ಇಳಿಯಲಿಲ್ಲ. ಈ ವಾಸನೆಯ ಜೊತೆ ನನಗೆ ಒಂದು ವರ್ಷ ಅಂಟಿಕೊಂಡಿದೆ. ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ, ತಂಗಿಗೂ ಹೇಳಿಲ್ಲ. ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಾರು. ರಾಜಾಜಿನಗರದ ಒಂದು ವಠಾರದಲ್ಲಿ ಅಪ್ಪ, ನಾನು, ತಂಗಿ ಇದ್ದೆವು. ಬಿ.ಎ. ಮುಗಿಸಿ, ಬ್ಯಾಂಕಿನ ಪರೀಕ್ಷೆಯನ್ನು ಎರಡು ಸಲ ಬರೆದು ಎರಡು ಸಲವೂ ಡುಮ್ಕಿ ಹೊಡೆದ ಮೇಲೆ ನನಗೆ ಸಿಕ್ಕಿದ್ದು ಶಿಶುವಿಹಾರದ ಟೀಚರ್ ಕೆಲಸ. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟುಕೊಂಡು, ಊಟ ಹಾಕಿ, ಮಲಗಿಸಿ, ಎರಡು ಹಾಡು ಹೇಳಿಕೊಟ್ಟು ಕಳಿಸುವ ಜಾಗ ಅದು. ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರ. ನಮ್ಮ ಸಂಬಳ, ಮಕ್ಕಳ ಗೋಧಿ ನುಚ್ಚು, ಎಣ್ಣೆ ಎಲ್ಲವೂ ದೆಹಲಿಯ ಹೆಸರಿನಲ್ಲೇ ಬರುತ್ತಿದ್ದವು.

ರಾಜಾಜಿನಗರದಿಂದ ಬಸವೇಶ್ವರನಗರದ ಕಡೆಗೆ ಇಳಿಯುವಲ್ಲಿ, ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗೆ ಒಂದು ಗಲ್ಲಿ. ಅಲ್ಲಿನ ಭಜನೆ ಮಂದಿರದ ಹಜಾರವೇ ನಮ್ಮ ಶಿಶುವಿಹಾರ. ಶನಿವಾರ ಸಂಜೆ ಭಜನೆಯವರು ತಾಳ ಹಿಡಿದು ಬರುವಷ್ಟರಲ್ಲಿ ನಾವು ತೊಟ್ಟಿಲು, ಚಾಪೆ, ಪಾತ್ರೆಗಳನ್ನೆಲ್ಲ ಮೂಲೆಗೆ ಒತ್ತರಿಸಿ, ಫಿನಾಯಿಲ್ ಹಾಕಿ ನೆಲ ತೊಳೆದಿರಬೇಕಿತ್ತು. ಎಷ್ಟು ತೊಳೆದರೂ ಭಜನೆಯವರಲ್ಲಿ ಒಬ್ಬರು ಮೂಗು ಹಿಡಿದುಕೊಂಡೇ ಕೂರುತ್ತಿದ್ದರು. “ಕೃಷ್ಣ ಏನು ಹೇತಿರಲಿಲ್ವಾ ಚಿಕ್ಕೋನಿದ್ದಾಗ?” ಎಂದು ನಮ್ಮ ಆಯಾ ಸಾಕಮ್ಮ ಅವರಿಗೆ ಕೇಳಿಸುವ ಹಾಗೆಯೇ ಗೊಣಗುತ್ತಿದ್ದಳು. ಸಾಕಮ್ಮನಿಗೆ ಐವತ್ತು ದಾಟಿತ್ತು. ಬಾಯಿ ಬಹಳ ಜೋರು. ಆದರೆ ಎಂಥ ಹಟಮಾರಿ ಮಗುವೂ ಅವಳ ಮಡಿಲಿಗೆ ಬಿದ್ದರೆ ಐದು ನಿಮಿಷದಲ್ಲಿ ನಿದ್ದೆ ಹೋಗುತ್ತಿತ್ತು.

ರತ್ನ ನಮ್ಮ ಶಿಶುವಿಹಾರದ ಮಗುವಲ್ಲ. ಅವಳಿಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ನಮ್ಮ ಮಗು ಅವಳ ತಮ್ಮ ಸೀನ, ಇನ್ನೂ ಎರಡು ತುಂಬಿರಲಿಲ್ಲ. ಅಪ್ಪ ಎನ್ನುವವನು ಸೀನ ಹೊಟ್ಟೆಯಲ್ಲಿದ್ದಾಗಲೇ ಮನೆ ಬಿಟ್ಟಿದ್ದ. ತಾಯಿ ಜಯಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಬಸವೇಶ್ವರನಗರ, ವಿಜಯನಗರಗಳಲ್ಲಿ ಸೈಟಿಗೊಂದು ಮನೆ ಏಳುತ್ತಿದ್ದ ಕಾಲ, ಗಾರೆ ಕೆಲಸಕ್ಕೆ ಬರವಿರಲಿಲ್ಲ. ಸೀನ ಹುಟ್ಟಿದಾಗ ರತ್ನ ಶಾಲೆ ಬಿಟ್ಟು ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದಳು. ಅವನನ್ನು ನಾವು ಸೇರಿಸಿಕೊಂಡ ಮಾರನೆಯ ದಿನವೇ ಮತ್ತೆ ಶಾಲೆಗೆ ಓಡಿದ್ದಳು. ಸೀನ ನಮ್ಮ ಹತ್ತಿರ ಇದ್ದರೆ ರತ್ನ ಶಾಲೆಯಲ್ಲಿ, ಸೀನ ಮನೆಯಲ್ಲಿದ್ದರೆ ರತ್ನ ಮನೆಯಲ್ಲಿ. ಅದು ನನಗೂ ಗೊತ್ತಿತ್ತು, ಆ ಹುಡುಗಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಸೀನನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹೆಗಲಿಗೆ ಬ್ಯಾಗು ಹಾಕಿಕೊಂಡು ಬರುತ್ತಿದ್ದಳು. ಅವನನ್ನು ಸಾಕಮ್ಮನ ಕೈಗೆ ಕೊಟ್ಟು, ಅವನು ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗಲ್ಲಿಯ ತಿರುವು ದಾಟಿಬಿಡುತ್ತಿದ್ದಳು. ಮಧ್ಯಾಹ್ನ ಊಟದ ಬೆಲ್ಲಿಗೆ ಮತ್ತೆ ಹಾಜರು. ತಮ್ಮನನ್ನು ನೋಡುವ ನೆಪ, ಅಸಲು ಕೆಲಸ ಓದುವುದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಬೇಕು ಆ ಹುಡುಗಿಗೆ. ಪೊಟ್ಟಣ ಕಟ್ಟಿ ತಂದ ಪೇಪರು, ಗೋಡೆಯ ಪೋಸ್ಟರು, ಎಣ್ಣೆ ಡಬ್ಬದ ಮೇಲಿನ ಇಂಗ್ಲಿಷ್ ಅಕ್ಷರಗಳು. ನನ್ನ ಹತ್ತಿರ ಎಬಿಸಿಡಿ ಕಲಿತು ಅದನ್ನೂ ಕೂಡಿಸಿ ಕೂಡಿಸಿ ಓದುತ್ತಿದ್ದಳು.

“ನಾಟ್ ಟು ಬಿ ಸೋಲ್ಡ್ ಅಂದ್ರೆ ಏನು ಟೀಚರ್?”

“ಮಾರಬಾರದು ಅಂತ.”

“ನುಚ್ಚಿನ ಚೀಲದ ಮೇಲೂ ಹಂಗೇ ಬರ್ದಿದೆ. ಅದನ್ನ ಯಾರು ಕೊಂಡ್ಕೊತಾರೆ? ನಮ್ ಸೀನನೇ ಉಗೀತಾನೆ,” ಎಂದು ನಗುತ್ತಿದ್ದಳು. ಆ ವರ್ಷ ಮಾರ್ಚಿಗೆ ನಾಲ್ಕನೇ ಕ್ಲಾಸು ಮುಗಿಯುತ್ತಿತ್ತು. ಐದಕ್ಕೆ ರಸ್ತೆಯಾಚೆಯ ಮಿಡ್ಲ್ ಸ್ಕೂಲಿಗೆ ಸೇರಬೇಕು. ಅಲ್ಲಿ ಇಂಗ್ಲಿಷ್ ಶುರುವಾಗುತ್ತದೆ ಎನ್ನುವುದೇ ಅವಳಿಗೆ ದೊಡ್ಡ ಸಂಭ್ರಮ. ಸೇರಿಸಲು ನಾನೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಫೆಬ್ರವರಿ ಕೊನೆಯಲ್ಲಿ, ಗಾಳಿಗೆ ಮನೆ ಕಟ್ಟುವ ಕಡೆಯ ಮರಳೆಲ್ಲ ಹಜಾರದೊಳಗೆ ನುಗ್ಗುತ್ತಿದ್ದ ದಿನಗಳಲ್ಲಿ, ನಮ್ಮ ಮೇಲ್ವಿಚಾರಕಿ ಲೀಲಾ ಮೇಡಂ ಬಂದರು. ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ರಿಜಿಸ್ಟರಿಗೆ ಸಹಿ ಹಾಕಿ, ಮಕ್ಕಳ ಕೆನ್ನೆ ಸವರಿ ಹೋಗುವ ಹೆಂಗಸು. ಅವತ್ತು ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರು.

“ಏಪ್ರಿಲ್ ಒಂದನೇ ತಾರೀಖಿಂದ ನೀವೆಲ್ಲ ರಾಜ್ಯ ಸರ್ಕಾರದೋರು ಕಣಮ್ಮ. ದೆಹಲಿಯೋರು ಇದನ್ನ ಬಿಡ್ತಾ ಇದಾರೆ.”

“ಬಿಡ್ತಾರೆ ಅಂದ್ರೆ ಮೇಡಂ?”

“ಅಯ್ಯೋ, ಬಿಡೋದು ಅಂದ್ರೆ ಹಾಗಲ್ಲ. ಒಪ್ಪಿಸ್ತಾರೆ. ಜನಕ್ಕೆ ಹತ್ರ ಇರೋ ಸರ್ಕಾರವೇ ಇಂಥದ್ದನ್ನೆಲ್ಲ ನೋಡ್ಕೊಬೇಕು ಅಂತ ತೀರ್ಮಾನ ಆಗಿದೆ. ಬೋರ್ಡು ಬದಲಾಗತ್ತೆ ಅಷ್ಟೆ, ಗಾಬರಿ ಆಗ್ಬೇಡಿ.”

ನಿಜ ಹೇಳಬೇಕೆಂದರೆ ನನಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. ದೆಹಲಿಗೆ ಒಂದು ಕಾಗದ ಬರೆದರೆ ಉತ್ತರ ಬರುವುದರೊಳಗೆ ತೊಟ್ಟಿಲಿನ ಮಗು ನಡೆಯಲು ಕಲಿತಿರುತ್ತಿತ್ತು. ಇನ್ನು ಮೇಲೆ ಬಸ್ಸು ಹತ್ತಿ ಹೋಗಿ ಆಫೀಸಿನಲ್ಲಿ ಎದುರು ನಿಂತು ಕನ್ನಡದಲ್ಲೇ ಕೇಳಬಹುದಲ್ಲ ಎಂದುಕೊಂಡೆ. ಹತ್ತಿರದ ಸರ್ಕಾರ ಎಂಬ ಮಾತು ಕಿವಿಗೆ ಹಿತವಾಗಿತ್ತು. ನಮ್ಮ ಗಲ್ಲಿಯ ಪಕ್ಕದಲ್ಲೇ ಎಲ್ಲೋ ಅದು ಕೂತಿದೆ ಅನ್ನಿಸಿತ್ತು.

ಮೇಡಂ ಎದ್ದು ಹೊರಡುವಾಗ ಹೇಳಿದರು, “ಒಂದ್ ವಿಷ್ಯ. ರಾಜ್ಯದೋರು ಎಲ್ಲಾನೂ ಕಣ್ಮುಚ್ಚಿ ತಗೊಳಲ್ಲ. ಒಬ್ಬರು ಸಾಹೇಬ್ರು ಬಂದು ನೋಡ್ಕೊಂಡು ಹೋಗ್ತಾರೆ. ಅವರು ಬರೆದ ಹಾಗೆ ಆಗೋದು. ಚೆನ್ನಾಗಿ ತೋರಿಸಿ.”

ಈ ಕೊನೆಯ ಎರಡು ಪದಗಳನ್ನು ನಾನು ಗಂಟು ಕಟ್ಟಿಕೊಂಡೆ. ಹುಟ್ಟಿದಾಗಿನಿಂದ ನಾನು ಬರೆದದ್ದೆಲ್ಲ ಪರೀಕ್ಷೆ. ಚೆನ್ನಾಗಿ ಬರೆದವರು ಪಾಸು, ಕೆಟ್ಟದಾಗಿ ಬರೆದವರು ಫೇಲು. ಬೇರೆ ಬಗೆಯ ಪರೀಕ್ಷೆಯೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಸಾಹೇಬರು ಬರುವ ದಿನ ಗೊತ್ತಾದ ಮೇಲೆ ಗಲ್ಲಿಯಲ್ಲಿ ಹಬ್ಬ. ದೊಡ್ಡವರು ಬರುತ್ತಾರೆಂದರೆ ಮನೆಯ ಮರ್ಯಾದೆ ತೋರಿಸಬೇಕು ಎನ್ನುವುದನ್ನು ಅಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಹೆಣ್ಣು ನೋಡಲು ಬಂದರೂ ಅಷ್ಟೆ, ಫೋಟೋ ತೆಗೆಯಲು ಬಂದರೂ ಅಷ್ಟೆ. ಮನೆಯಲ್ಲಿಲ್ಲದ್ದನ್ನು ಪಕ್ಕದ ಮನೆಯಿಂದಾದರೂ ತಂದು ಇಡುವುದು. ನಾನು ತಾಯಂದಿರನ್ನೆಲ್ಲ ಕೂರಿಸಿಕೊಂಡು ಹೇಳಿದೆ, “ನೋಡ್ರಮ್ಮಾ, ಮಕ್ಕಳಿಗೆ ತಲೆಗೆ ಎಣ್ಣೆ ಹಾಕಿ, ಸ್ನಾನ ಮಾಡಿಸಿ, ಒಳ್ಳೆ ಬಟ್ಟೆ ಹಾಕಿ ಕರ್ಕೊಂಡ್ ಬನ್ನಿ.” ಇದು ನನ್ನ ಬಾಯಿಂದ ಬಂದ ಮಾತು. ಸಾಕಮ್ಮನ ತಲೆಗೂ ಕಟ್ಟುವ ಹಾಗಿಲ್ಲ, ಮೇಡಂ ತಲೆಗೂ ಕಟ್ಟುವ ಹಾಗಿಲ್ಲ.

ಒಳ್ಳೆ ಬಟ್ಟೆ ಎಲ್ಲಿತ್ತು ಅವರ ಹತ್ತಿರ? ಮನೆಕೆಲಸಕ್ಕೆ ಹೋಗುವವರು ರಾಜಾಜಿನಗರದ ಯಜಮಾನಿಯರನ್ನು ಬೇಡಿ ಫ್ರಾಕು ತಂದರು. ಒಬ್ಬಳು ತಂಗಿಯ ಮಗಳ ನೈಲಾನ್ ಲಂಗವನ್ನು ಕೆಂಗೇರಿಯಿಂದ ತರಿಸಿದಳು. ಜಯಮ್ಮ ಮೇಸ್ತ್ರಿಯ ಹೆಂಡತಿಯ ಕಾಲಿಗೆ ಬಿದ್ದು ಅವರ ಮೊಮ್ಮಗನ ಸಫಾರಿ ಸೂಟು ತಂದಳು. ಸೀನನಿಗೆ ಅದರ ತೋಳು ಬೆರಳು ದಾಟಿ ಇಳಿಯುತ್ತಿತ್ತು. ಒಳಮಡಿಸಿ ಪಿನ್ನು ಹಾಕಿದೆವು. ನಾನು ಪೌಡರು, ರಿಬ್ಬನ್ನು ತಂದೆ. ಅವತ್ತೊಂದು ದಿನ ಗೋಧಿ ನುಚ್ಚು ಬೇಡವೆಂದು ನಮ್ಮ ಮನೆಯ ತುಪ್ಪದಲ್ಲಿ ಕೇಸರಿಬಾತು ಮಾಡಿಸಿದೆ. ಮಕ್ಕಳ ತೂಕದ ಕಾರ್ಡುಗಳಲ್ಲಿ ಮೈ ತುಂಬಿಕೊಂಡವರದ್ದನ್ನು ಮೇಲಿಟ್ಟೆ, ಉಳಿದದ್ದನ್ನು ಅಡಿಗೆ. ರತ್ನ ಶಾಲೆಗೆ ಹೋಗುವ ಮುಂಚೆ ತಮ್ಮನಿಗೆ ಕೈ ಮುಗಿಯುವುದನ್ನು ಹತ್ತು ಸಲ ಕಲಿಸಿದಳು. “ಟೀಚರ್, ಸೀನನ್ನ ಮುಂದೇನೇ ಕೂರ್ಸಿ, ಸಾಹೇಬ್ರಿಗೆ ಇಷ್ಟ ಆಗ್ಬೇಕು,” ಎಂದಳು.

ಸಾಹೇಬರು ಸ್ಕೂಟರಿನಲ್ಲಿ ಬಂದರು. ತೆಳ್ಳಗಿನ, ಮೆದು ಮಾತಿನ ಮನುಷ್ಯ. ಗತ್ತಿಲ್ಲ, ಗದರಿಕೆಯಿಲ್ಲ. ಸೀನ ಸಫಾರಿ ಸೂಟಿನಲ್ಲಿ ಕೈ ಮುಗಿದ. “ಏನಪ್ಪಾ ಹೀರೋ!” ಎಂದು ಅವನ ಕೆನ್ನೆ ತಟ್ಟಿದರು. ಹಾಡು ಕೇಳಿದರು, ಕಾರ್ಡು ನೋಡಿದರು, ಕೇಸರಿಬಾತನ್ನು ತಿಂದು ಚೆನ್ನಾಗಿದೆ ಅಂದರು. ಆಮೇಲೆ ಹಲವು ಪುಟಗಳ ಒಂದು ನಮೂನೆ ತೆಗೆದು ಬರೆಯುತ್ತ ಬರೆಯುತ್ತ ತಲೆಯೆತ್ತಿ ಕೇಳಿದರು, “ಈ ಮಕ್ಕಳ ಮನೆ ಕಡೆ ಹೇಗಮ್ಮಾ? ಪರವಾಗಿಲ್ವಾ? ಊಟಕ್ಕೆ ಬಟ್ಟೆಗೆ ತೊಂದರೆ ಏನಾದ್ರೂ ಇದೆಯಾ?”

ಬಾಗಿಲಲ್ಲಿ ತಾಯಂದಿರು ನಿಂತಿದ್ದರು. ಅರ್ಧ ದಿನದ ಕೂಲಿ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಸೆರಗು ಹೊದ್ದು ನಿಂತಿದ್ದರು. ಜಯಮ್ಮ ಎಲ್ಲರಿಗಿಂತ ಮುಂದೆ. ಅವಳ ಮಗನನ್ನು ಸಾಹೇಬರು ಹೀರೋ ಎಂದಿದ್ದರು, ಅವಳ ಮುಖ ಅರಳಿತ್ತು. ಆ ಹೆಂಗಸರ ಎದುರಿಗೆ, ಅವರ ಕಿವಿಗೆ ಬೀಳುವಂತೆ, ಇವರ ಮನೆಯಲ್ಲಿ ಒಲೆ ಹಚ್ಚದ ದಿನಗಳಿವೆ ಎಂದು ನಾನು ಹೇಗೆ ಹೇಳಲಿ?

“ಪರವಾಗಿಲ್ಲ ಸಾರ್. ಎಲ್ಲರೂ ಮರ್ಯಾದಸ್ಥರು,” ಎಂದೆ.

ಅವರು ಬರೆದುಕೊಂಡರು. ಹೋಗುವಾಗ “ತುಂಬಾ ಚೆನ್ನಾಗಿ ನಡೆಸ್ತಾ ಇದೀರಮ್ಮ,” ಎಂದರು. ಸ್ಕೂಟರು ತಿರುವು ದಾಟಿದ ಮೇಲೆ ಸಾಕಮ್ಮ ದೃಷ್ಟಿ ತೆಗೆದಳು, ಮಕ್ಕಳಿಗಲ್ಲ, ನನಗೆ. ಸಂಜೆ ರತ್ನ ಓಡಿಬಂದು ಕೇಳಿದಳು. ಪಾಸಾದ್ವಿ ಕಣೇ ಎಂದೆ. ಅವಳು ಹಜಾರದಲ್ಲಿ ಒಂದು ಸುತ್ತು ಕುಣಿದಳು.

ಏಪ್ರಿಲ್ ಒಂದು ಬಂತು, ಹೋಯಿತು. ಬೋರ್ಡು ಬದಲಾಗಲಿಲ್ಲ, ಜೀಪೂ ಬರಲಿಲ್ಲ, ಚೀಲವೂ ಬರಲಿಲ್ಲ. ಉಳಿದಿದ್ದ ನುಚ್ಚನ್ನು ಸಾಕಮ್ಮ ನೀರು ಹೆಚ್ಚು ಹಾಕಿ ಗಂಜಿ ಮಾಡತೊಡಗಿದಳು. ಆ ಬೇಸಿಗೆಯಲ್ಲಿ ಬೀದಿ ನಲ್ಲಿಯೂ ದಿನ ಬಿಟ್ಟು ದಿನ ಬರುತ್ತಿತ್ತು. ಎಸ್ಟೇಟಿನ ಕಡೆಯಿಂದ ಬಿಸಿ ಕಬ್ಬಿಣದ ವಾಸನೆ, ಒಳಗೆ ಮಕ್ಕಳ ಬೆವರು, ಮತ್ತೆ ಈ ಗೋಧಿ ಗಂಜಿಯ ಹಬೆ. ಸಂಬಳವಿಲ್ಲದೆ ಇಬ್ಬರೂ ಬರುತ್ತಿದ್ದೆವು. ಸರ್ಕಾರದ ಕೆಲಸ ಅಂದರೆ ಹೀಗೇ, ತಡವಾದರೂ ಬರುತ್ತದೆ ಎಂಬ ಧೈರ್ಯ. ರತ್ನ ನಾಲ್ಕನೇ ಕ್ಲಾಸು ಪಾಸಾಗಿ ರಜೆಯಲ್ಲಿ ದಿನವೂ ಬಂದು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಪಾಠ ಹೇಳುವಾಗ ನನ್ನ ಹಾಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನಟನೆ ಬೇರೆ.

ಮೇ ಕೊನೆಯ ವಾರ, ಒಂದು ದೊಡ್ಡ ಮಳೆ ಬಂದು ನಿಂತ ಮಧ್ಯಾಹ್ನ, ಅಂಚೆಯವನು ಕಂದು ಲಕೋಟೆ ತಂದ. ಅದರ ಸಾಲುಗಳು ಇವತ್ತಿಗೂ ಬಾಯಿಪಾಠ. ಸದರಿ ಶಿಶುವಿಹಾರದ ಫಲಾನುಭವಿ ಮಕ್ಕಳು ಸಾಮಾನ್ಯವಾಗಿ ಉತ್ತಮ ಸ್ಥಿತಿಯಲ್ಲಿರುವುದು ಪರಿಶೀಲನೆಯಿಂದ ಕಂಡುಬಂದಿರುತ್ತದೆ, ಆದ್ದರಿಂದ ಪ್ರಸಕ್ತ ಸಾಲಿನಲ್ಲಿ ಇದನ್ನು ವಹಿಸಿಕೊಳ್ಳುವ ಅಗತ್ಯ ಕಂಡುಬರುವುದಿಲ್ಲ.

ಎರಡು ಸಲ ಓದಿದೆ. ಸಾಕಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಮಡಿಲಲ್ಲಿದ್ದ ಮಗುವನ್ನು ತಟ್ಟುತ್ತಲೇ ಕೇಳಿದಳು, “ಅಂದ್ರೆ ಟೀಚರಮ್ಮ, ನಮ್ ಮಕ್ಳು ಚೆನ್ನಾಗವೆ ಅಂತ ಮುಚ್ತಾವ್ರಾ?”

ಮೊದಲು ಲೀಲಾ ಮೇಡಂ ಹತ್ತಿರ ಓಡಿದೆ. ಅವರ ಆಫೀಸಿನಲ್ಲಿ ಫೈಲುಗಳನ್ನು ಗೋಣಿಗೆ ತುಂಬುತ್ತಿದ್ದರು. “ನಮ್ಮ ಕೈಲಿ ಏನೂ ಇಲ್ಲಮ್ಮ. ಮಾರ್ಚ್ ಮೂವತ್ತೊಂದಕ್ಕೆ ನಮ್ದು ಮುಗೀತು. ನಂಗೇ ಎಲ್ಲಿ ಹಾಕ್ತಾರೋ ಗೊತ್ತಿಲ್ಲ,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆದರೆ ನಮ್ಮ ಅರ್ಜಿ ತೆಗೆದುಕೊಳ್ಳುವ ಮೇಜು ಆ ಕಟ್ಟಡದಲ್ಲಿ ಇರಲಿಲ್ಲ.

ಅಲ್ಲಿಂದ ಸಾಹೇಬರ ಆಫೀಸು. ಹತ್ತಿರದ ಸರ್ಕಾರ ಎಂದುಕೊಂಡಿದ್ದೆನಲ್ಲ, ಮೂರು ದಿನ ಹೊರಗಿನ ಬೆಂಚಿನ ಮೇಲೆ ಕೂತೆ. ನಾಲ್ಕನೆಯ ದಿನ ಒಳಗೆ ಕರೆದರು. ಗುರುತು ಹಿಡಿದು ಕೂರಿಸಿದರು.

“ಬೇಜಾರು ಮಾಡ್ಕೊಬೇಡಿಮ್ಮಾ. ನನ್ನ ಪಟ್ಟೀಲಿ ಇರೋದ್ರಲ್ಲಿ ಈ ವರ್ಷ ಕೆಲವಕ್ಕೆ ಮಾತ್ರ ದುಡ್ಡಿದೆ. ಯಾವುದನ್ನ ಬಿಡ್ಲಿ ನೀವೇ ಹೇಳಿ. ಬೇರೆ ಕಡೆ ಹೋದ್ರೆ ಮಕ್ಕಳ ಮೈ ಮೇಲೆ ಬಟ್ಟೆ ಇಲ್ಲ. ನಿಮ್ಮಲ್ಲಿ ಬಂದ್ರೆ ಸಫಾರಿ ಸೂಟು, ತುಪ್ಪದ ಕೇಸರಿಬಾತು.”

“ಅದು ನಮ್ಮದಲ್ಲ ಸಾರ್,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಫ್ರಾಕು ಯಾರದು, ಲಂಗ ಎಲ್ಲಿಯದು, ತುಪ್ಪ ಯಾರ ಮನೆಯದು, ಕಾರ್ಡುಗಳನ್ನು ನಾನು ಹೇಗೆ ಜೋಡಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಬಾಯಿಬಿಟ್ಟು ಕೇಳಿದ್ನಲ್ಲಮ್ಮ ಅವತ್ತು. ಹೇಳಬಾರದಿತ್ತಾ?”

“ತಾಯಂದಿರು ಅಲ್ಲೇ ನಿಂತಿದ್ರು ಸಾರ್.”

ಮತ್ತೊಮ್ಮೆ ಬಂದು ನೋಡಿ ಎಂದು ನಾನು ಕೈ ಮುಗಿದೆ. “ಎರಡು ತಿಂಗಳಲ್ಲಿ ಆ ಮಕ್ಕಳೆಲ್ಲ ಬಡವರಾಗಿಬಿಟ್ರು ಅಂತ ಹೇಗೆ ಬರೀಲಿ? ಮೊದಲು ಬರೆದಿದ್ದು ಸುಳ್ಳಾ, ಆಮೇಲೆ ಬರೆದಿದ್ದು ಸುಳ್ಳಾ ಅಂತ ಮೇಲಿನೋರು ನನ್ನನ್ನ ಕೇಳ್ತಾರೆ,” ಎಂದರು. ಮತ್ತೆ ನಿಧಾನವಾಗಿ, “ಮುಂದಿನ ವರ್ಷ ಮೊದಲ್ನೇ ಹೆಸರು ನಿಮ್ದೇ ಬರೀತೀನಿ. ಅದು ನನ್ನ ಮಾತು,” ಎಂದರು. ಬೈದಿದ್ದರೆ ನಾನೂ ಬೈದು ಬರಬಹುದಿತ್ತು. ಒಳ್ಳೆಯ ಮನುಷ್ಯನ ಎದುರಿಗೆ ಕೂತು ತಪ್ಪು ನನ್ನದೇ ಎಂದು ತಿಳಿಯುವುದು ಬಹಳ ಕಷ್ಟ.

ಜೂನ್ ಮೊದಲ ವಾರ ಹಜಾರ ಖಾಲಿ ಮಾಡಿದೆವು. ತೊಟ್ಟಿಲುಗಳನ್ನು ಕೈಗಾಡಿಯ ಮೇಲೆ ಹಾಕಿಕೊಂಡು ಹೋದರು, ಯಾವ ಸರ್ಕಾರದ ಉಗ್ರಾಣಕ್ಕೋ. ತಾಯಂದಿರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಜಯಮ್ಮ ಮಾತ್ರ ಕೇಳಿದಳು, “ಸೂಟು ಹಾಕ್ಸಿದ್ದು ತಪ್ಪಾಯ್ತಾ ಟೀಚರ್?” ನಿಮ್ಮ ತಪ್ಪಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ತನ್ನ ಮಗನ ಸೂಟಿನಿಂದಲೇ ಗಲ್ಲಿಯ ಮಕ್ಕಳೆಲ್ಲ ಬೀದಿಗೆ ಬಿದ್ದರು ಎಂದು ಅವಳು ಬಹಳ ದಿನ ಹೇಳಿಕೊಂಡು ತಿರುಗುತ್ತಿದ್ದಳಂತೆ.

ಕೊಟ್ಟ ಮಾತಿನಂತೆ ರತ್ನಳನ್ನು ಮಿಡ್ಲ್ ಸ್ಕೂಲಿಗೆ ಸೇರಿಸಿದೆ. ಸೀನನನ್ನೂ ಇನ್ನು ನಾಲ್ಕು ಮಕ್ಕಳನ್ನೂ ನಮ್ಮ ವಠಾರದ ಜಗಲಿಯಲ್ಲಿ ಕೂರಿಸಿಕೊಂಡೆ. ಮೂರು ವಾರ ನಡೆಯಿತು. ವಠಾರದ ಓನರಮ್ಮ ದಿನವೂ ಬಂದು ಜಗಲಿ ಒದ್ದೆಯಾಗಿದೆ ಎಂದು ಅಪ್ಪನ ಹತ್ತಿರ ದೂರು ಹೇಳುತ್ತಿದ್ದರು. ಅಪ್ಪನ ಪಿಂಚಣಿಯಲ್ಲಿ ಮೂರು ಜನ ಉಣ್ಣುತ್ತಿದ್ದೆವು, ತಂಗಿಯ ಮದುವೆಯ ಮಾತು ನಡೆಯುತ್ತಿತ್ತು. ವಿಜಯನಗರದ ಒಂದು ಖಾಸಗಿ ನರ್ಸರಿಯಲ್ಲಿ ಕೆಲಸ ಸಿಕ್ಕಿತು, ಹೋದೆ. ಹೋಗದೆ ಬೇರೆ ದಾರಿ ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಂದೊಂದು ಸಲ ಅದು ನಿಜ ಅನ್ನಿಸುತ್ತದೆ.

ಆಮೇಲಿನದ್ದನ್ನು ಸಾಕಮ್ಮ ಹೇಳಿದಳು. ರತ್ನ ಸೀನನನ್ನು ಎತ್ತಿಕೊಂಡೇ ಶಾಲೆಗೆ ಹೋದಳು. ಅಲ್ಲಿಯ ಮೇಡಂ ಕೆಟ್ಟವರಲ್ಲ, ಎರಡು ದಿನ ಒಳಗೆ ಬಿಟ್ಟುಕೊಂಡರು. ಅವನು ಕಿರುಚಿ ಕ್ಲಾಸೆಲ್ಲ ಎಬ್ಬಿಸಿದ ಮೇಲೆ ಹೊರಗೆ ಕೂರು ಎಂದರು. ಅವಳು ಕಿಟಕಿಯ ಕೆಳಗೆ ಜಗಲಿಯ ಮೇಲೆ ಕೂತಳು, ಮಡಿಲಲ್ಲಿ ತಮ್ಮ, ತೊಡೆಯ ಪಕ್ಕ ಪುಸ್ತಕ. ಹಾಜರಿ ಕೂಗುವಾಗ ಹೊರಗಿನಿಂದಲೇ “ಪ್ರೆಸೆಂಟ್ ಮಿಸ್” ಎನ್ನುತ್ತಿದ್ದಳಂತೆ. ಮೇಡಂ ಗುರುತು ಹಾಕಿಕೊಳ್ಳುತ್ತಿದ್ದರಂತೆ. ಜುಲೈಯಲ್ಲಿ ಮಳೆ ಹಿಡಿಯಿತು, ಎರಚಲು ಜಗಲಿಯ ತುಂಬ ಬೀಳತೊಡಗಿತು. ಸೀನನಿಗೆ ಜ್ವರ ಬಂತು. ಅಲ್ಲಿಂದ ಹೊರಗಿನ ದನಿ ನಿಂತಿತು. ಗೌರಿಹಬ್ಬದ ಹೊತ್ತಿಗೆ ರಿಜಿಸ್ಟರಿನಲ್ಲಿ ಹೆಸರಿಗೆ ಅಡ್ಡಗೆರೆ ಬಿತ್ತು.

ಇದನ್ನು ಕೇಳಿದ ಮೇಲೂ ನಾನು ಅವರ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ದಿನವೂ ನರ್ಸರಿಯಲ್ಲಿ ಟೈ ಕಟ್ಟಿದ ಮಕ್ಕಳಿಗೆ ಮಳೆಯ ಹಾಡು ಹೇಳಿಕೊಟ್ಟು, ಸಂಜೆ ಬೇರೆ ರಸ್ತೆಯಲ್ಲಿ ಸುತ್ತಿ ಮನೆಗೆ ಬರುತ್ತಿದ್ದೆ. ಆ ಗಲ್ಲಿಯ ಬಾಯಿಗೆ ಬರುವಾಗ ಕಾಲು ತಾನಾಗಿ ತಿರುಗುತ್ತಿತ್ತು.

ಸಾಹೇಬರು ಮಾತು ಉಳಿಸಿಕೊಂಡರು. ಮುಂದಿನ ವರ್ಷ ಜೂನಿನಲ್ಲಿ ನನ್ನ ಹೆಸರಿಗೇ ಆರ್ಡರು ಬಂತು. ಅದೇ ಹಜಾರ, ಹೊಸ ಬೋರ್ಡು, ಈ ಸಲ ಪೂರ್ತಿ ಕನ್ನಡದಲ್ಲಿ. ಗೋಧಿ ನುಚ್ಚಿನ ಕಾಲ ಮುಗಿದಿತ್ತು, ಅಕ್ಕಿ ಬೇಳೆ ಬಂದವು. ನರ್ಸರಿಯ ಕೆಲಸ ಬಿಟ್ಟು ಅದೇ ದಿನ ಜಯಮ್ಮನ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಪಕ್ಕದವರು ಕೆಲಸದ ಜಾಗ ಹೇಳಿದರು.

ಬಸವೇಶ್ವರನಗರದಲ್ಲಿ ಮೂಲೆ ಸೈಟು, ಮೇಲಿನ ಅಂತಸ್ತಿಗೆ ಗೋಡೆ ಏಳುತ್ತಿತ್ತು. ಜಯಮ್ಮ ಕಲಸಿದ ಗಾರೆಯನ್ನು ಬಾಂಡ್ಲಿಯಲ್ಲಿ ಹೊರುತ್ತಿದ್ದಳು. ಸೀನ ಮರಳಿನ ಗುಡ್ಡೆಯಲ್ಲಿ ಆಡುತ್ತಿದ್ದ, ಅವನಿಗೆ ನನ್ನ ಗುರುತು ಸಿಗಲಿಲ್ಲ. ರತ್ನ ಏಣಿಯ ಬುಡದಲ್ಲಿ ನಿಂತು ಇಟ್ಟಿಗೆ ಎತ್ತಿ ಕೊಡುತ್ತಿದ್ದಳು. ವರ್ಷದಲ್ಲಿ ಎತ್ತರವಾಗಿದ್ದಳು. ತಲೆಗೆ ಟವೆಲು ಸುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಕೈಯನ್ನು ಲಂಗಕ್ಕೆ ಒರೆಸಿಕೊಂಡು, “ಟೀಚರ್!”  ಎಂದು ಓಡಿಬಂದಳು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಶಿಶುವಿಹಾರ ಮತ್ತೆ ತೆರೀತಾರೆ ಕಣೇ. ನಾಳೆಯಿಂದ ಸೀನನ್ನ ಬಿಡು. ನಾನೇ ಸ್ಕೂಲಿಗೆ ಬಂದು ಮೇಡಂ ಹತ್ರ ಮಾತಾಡ್ತೀನಿ. ಐದನೇ ಕ್ಲಾಸಿಗೆ ಮತ್ತೆ ಸೇರ್ಕೊ,” ಎಂದೆ. ಒಂದೇ ಉಸಿರಿಗೆ ಹೇಳಿದೆ.

ಅವಳ ಕಣ್ಣು ಒಂದು ಕ್ಷಣ ಹಳೆಯ ರತ್ನಳದಾಯಿತು. ತಾಯಿಯ ಕಡೆ ತಿರುಗಿ ನೋಡಿದಳು, ಏಣಿಯ ಮೇಲಿದ್ದ ಮೇಸ್ತ್ರಿಯನ್ನು ನೋಡಿದಳು. ಆಮೇಲೆ ದೊಡ್ಡವರು ವಿಚಾರಿಸುವ ಹಾಗೆ, ಧ್ವನಿ ತಗ್ಗಿಸಿ ಕೇಳಿದಳು.

“ಮತ್ತೆ ಮುಚ್ಚಲ್ವಾ ಟೀಚರ್?”

ನಾನು ಆರ್ಡರನ್ನು ಓದಿದ್ದೆ. ಪ್ರಸಕ್ತ ಸಾಲಿಗೆ ಎಂದು ಅದರಲ್ಲಿ ಬರೆದಿತ್ತು. ಒಂದು ವರ್ಷದ ಹಿಂದೆ ಇದೇ ಹುಡುಗಿಗೆ ಪಾಸಾದ್ವಿ ಎಂದು ಹೇಳಿ ಕುಣಿಸಿದ್ದೆ. ಇನ್ನೊಮ್ಮೆ ಅವಳಿಗೆ ಇಲ್ಲದ ಆಸೆ ಹುಟ್ಟಿಸಬಾರದು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದುಕೊಂಡೆ.

“ಗೊತ್ತಿಲ್ಲ ರತ್ನಾ. ಈ ವರ್ಷಕ್ಕಂತೂ ಆರ್ಡರ್ ಇದೆ,” ಎಂದೆ.

ಅವಳು ನೆಲ ನೋಡುತ್ತ ಯೋಚಿಸಿದಳು. “ಹಂಗಾದ್ರೆ ಬೇಡ ಟೀಚರ್. ಈಗ ನಾನು ಬಿಟ್ರೆ ಮೇಸ್ತ್ರಿ ಬೇರೆಯೋರ್ನ ಹಾಕ್ಕೊತಾರೆ. ಅದೂ ಮುಚ್ಚೋಯ್ತು ಅಂದ್ರೆ ಸ್ಕೂಲೂ ಇಲ್ಲ, ಕೆಲ್ಸಾನೂ ಇಲ್ಲ. ಸೀನನ್ನ ಸೇರಿಸ್ಕೊಳ್ಳಿ, ಅವ್ನು ಓದ್ಲಿ,” ಎಂದಳು. ಮೇಲಿನಿಂದ ಮೇಸ್ತ್ರಿ ಕೂಗಿದ. ಬರ್ತೀನಿ ಟೀಚರ್ ಎಂದು ಹೇಳಿ ಇಟ್ಟಿಗೆಯ ರಾಶಿಯ ಕಡೆಗೆ ಹೋದಳು.

ಆ ಶಿಶುವಿಹಾರ ಆಮೇಲೆ ಮುಚ್ಚಲಿಲ್ಲ. ಪ್ರತಿ ವರ್ಷ ಪ್ರಸಕ್ತ ಸಾಲಿಗೆ ಎಂದೇ ಆರ್ಡರು ಬಂತು, ತಪ್ಪದೆ ಬಂತು. ಸೀನ ಅಲ್ಲೇ ಬೆಳೆದು ಶಾಲೆಗೆ ಹೋದ. ನಾನು ಅದೇ ಹಜಾರದಲ್ಲಿ ಕೂದಲು ಹಣ್ಣಾಗಿಸಿಕೊಂಡು ಅಲ್ಲಿಂದಲೇ ನಿವೃತ್ತಳಾದೆ. ಅವತ್ತು ಏಣಿಯ ಬುಡದಲ್ಲಿ ನಿಂತು, “ಇಲ್ಲ ಕಣೇ, ಇನ್ನು ಮುಚ್ಚಲ್ಲ,” ಎಂದು ಆ ಹುಡುಗಿಗೆ ಹೇಳಿಬಿಟ್ಟಿದ್ದರೆ, ಅದು ನಿಜವೇ ಆಗಿರುತ್ತಿತ್ತು.